ಅರ್ಕಾವತ್ತು ಕಳೆದುಹೋದ ಏಪ್ರಿಲ್

ಅಜ್ಜಿ ಕೌಂಟರ್ ಮುಂದೆ ನಿಂತು ಮೂರನೇ ಸಲ ಹೆಸರು ಹೇಳಿದರು. ನಮ್ಮ ಡಾಟಾ ಎಂಟ್ರಿ ಹುಡುಗಿ ಮೂರನೇ ಸಲ ಟೈಪ್ ಮಾಡಿದಳು. ಪರದೆ ಖಾಲಿ. "ನಿಮ್ಮ ಹೆಸರಲ್ಲಿ ಆಸ್ತಿ ತೋರಿಸ್ತಿಲ್ಲ ಅಜ್ಜಿ" ಅಂದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಅಂದ್ರೆ ಏನವ್ವಾ? ಬೆಳಿಗ್ಗೆ ತಾನೇ ಬಾಗಿಲಿಗೆ ನೀರು ಹಾಕಿ ಬಂದಿದೀನಿ" ಅಂದರು.

ನಾನು ಒಳಗೆ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆ. ಆ ಮಾತು ಕೇಳಿ ಕೈ ನಿಂತಿತು.

ನಮ್ಮದು 23 ವಾರ್ಡಿನ ಪುರಸಭೆ. ಕಂಪ್ಯೂಟರ್ ಕೆಲಸ ಎಲ್ಲ ನನ್ನದೇ. ಹೊಸ ಯೋಜನೆ ಬಂದರೆ ಅದರ ಕಡತ ನನ್ನ ಮೇಜಿಗೆ ಬರುತ್ತದೆ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನನ್ನನ್ನೇ ಕೂಗುತ್ತಾರೆ. ಚರಂಡಿ ಕೆಲಸಕ್ಕೆ ರಸ್ತೆ ಅಗೆದಾಗ ಕೇಬಲ್ ತುಂಡಾಗುತ್ತದೆ. ಆವತ್ತು ಜನನ ಪ್ರಮಾಣ ಪತ್ರಕ್ಕೆ ಬಂದವರಿಗೆ ಉತ್ತರ ಹೇಳುವುದೂ ನಾನೇ. ಈ ಕೆಲಸ ನನಗೆ ಇಷ್ಟ. ಇಲ್ಲಿ ಮಾಡಿದ್ದು ಸರಿಯೋ ತಪ್ಪೋ ಅಂತ ಅದೇ ದಿನ ಯಾರದಾದರೂ ಮುಖದಲ್ಲಿ ಕಾಣುತ್ತದೆ.

ಏಪ್ರಿಲ್ ಅಂದರೆ ನಮಗೆ ಜಾತ್ರೆ. ಆ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ. ಜುಲೈ ಬಂತೆಂದರೆ ತಿಂಗಳಿಗೆ ಶೇ 2 ದಂಡ ಶುರು. ಹಾಗಾಗಿ ಏಪ್ರಿಲಿನಲ್ಲಿ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತಿರುತ್ತದೆ. ಅಂಥ ತಿಂಗಳಲ್ಲಿ ಯಾವ ಬದಲಾವಣೆಯನ್ನೂ ಮಾಡಬಾರದು ಅಂತ ನನಗೂ ಗೊತ್ತು. ಆದರೆ ಹಳೆಯ ತೆರಿಗೆ ಬಾಕಿ ಪಟ್ಟಿ ಇದ್ದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನಲು ಶುರು ಮಾಡಿತ್ತು. ಆ ಸದ್ದು ಕೇಳಿದವರಿಗೆ ಗೊತ್ತು, ಅದು ಹೆಚ್ಚು ದಿನ ಬಾಳುವುದಿಲ್ಲ. ಎರಡನೇ ಶನಿವಾರ, ಭಾನುವಾರ ಎರಡು ದಿನ ರಜೆ ಇತ್ತು. ಅಷ್ಟರಲ್ಲೇ ಪಟ್ಟಿಯನ್ನು ಹೊಸ ಕಂಪ್ಯೂಟರಿಗೆ ಸಾಗಿಸಿದೆ.

11,000 ಚಿಲ್ಲರೆ ಆಸ್ತಿ. ಎಲ್ಲ ಹೆಸರೂ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿದ್ದವು. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಂಥ ಕಡತ ತೆರೆದವರಿಗೆ ಇದು ನೆನಪಿರಬಹುದು. 'ಕ' ಇರಬೇಕಾದ ಕಡೆ ಇಂಗ್ಲಿಷಿನ ಪಿ ಕಾಣುತ್ತದೆ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ. 'ನ' ಇರಬೇಕಾದ ಕಡೆ ಪೌಂಡಿನ ಚಿಹ್ನೆ. ಅದನ್ನೆಲ್ಲ ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ತಿರುಗಿಸಲು ನಾನೇ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೆ. ಸಾಗಿಸಿದ ಮೇಲೆ ತಾಳೆ ನೋಡಿದೆ. ಸಾಲುಗಳ ಸಂಖ್ಯೆ ಸರಿ. ವಾರ್ಡುವಾರು ಬರಬೇಕಾದ ತೆರಿಗೆ ಸರಿ. ಬಾಕಿ ಮೊತ್ತ ಪೈಸೆ ಸಮೇತ ಸರಿ. ಮುಖ್ಯಾಧಿಕಾರಿ ಮೇಡಂ ಹತ್ತಿರ ಸಹಿ ಮಾಡಿಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗಿದ್ದೆ.

ಅಜ್ಜಿ ಬಂದದ್ದು ಅದಾಗಿ ಒಂಬತ್ತನೇ ದಿನ.

ಅವರ ಸೆರಗಿನ ಗಂಟಿನಲ್ಲಿ ಹೋದ ವರ್ಷದ ರಸೀದಿ ಇತ್ತು. ಅದರಲ್ಲಿದ್ದ ಅಸೆಸ್‌ಮೆಂಟ್ ನಂಬರ್ ಹಾಕಿ ನೋಡಿದೆ. ಮನೆ ಬಂತು. ಅಳತೆ ಸರಿ, ಬಾಕಿ ಸರಿ, ಗಂಡನ ಹೆಸರೂ ಸರಿ. ಅಜ್ಜಿಯ ಹೆಸರು ಮಾತ್ರ 'ಪಾವತಮ್ಮ' ಅಂತ ಇತ್ತು.

ಪಾರ್ವತಮ್ಮ ಅಂತ ಇನ್ನೊಮ್ಮೆ ಹುಡುಕಿದೆ. ಇಡೀ ಊರಿನಲ್ಲಿ ಒಬ್ಬರೂ ಇಲ್ಲ. ನಮ್ಮಂಥ ಊರಿನಲ್ಲಿ ಪಾರ್ವತಮ್ಮ ಇಲ್ಲದೆ ಇರುತ್ತಾರಾ? ಧರ್ಮಪ್ಪ ಹುಡುಕಿದೆ, ಇಲ್ಲ. 'ಧಮಪ್ಪ' ಅಂದರೆ ಏಳು ಜನ. ಅರ್ಜುನ ಅಜುನ ಆಗಿದ್ದ. ನನ್ನ ಬೆನ್ನು ತಣ್ಣಗಾಯಿತು.

ಹಳೆಯ ಕಡತದಲ್ಲಿ ಅರ್ಕಾವತ್ತು ಎಷ್ಟಿದೆ ಎಣಿಸಿದೆ. 1,340. ಹೊಸದರಲ್ಲಿ ಸೊನ್ನೆ.

ಕಾರಣ ತಿಳಿಯಲು ಐದು ನಿಮಿಷ ಸಾಕಾಯಿತು. ಕೈಯಲ್ಲಿ ಬರೆಯುವಾಗ ನಾವು ಮೊದಲು 'ವ' ಬರೆದು, ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಎಳೆಯುತ್ತೇವೆ. ಹಳೆಯ ನುಡಿ ಕಡತದಲ್ಲೂ ಅದೇ ಕ್ರಮ. ಯೂನಿಕೋಡ್ ಬಾಯಲ್ಲಿ ಹೇಳುವ ಕ್ರಮ ಹಿಡಿಯುತ್ತದೆ. ಮೊದಲು ರಕಾರ, ಆಮೇಲೆ ವಕಾರ. ಅಂದರೆ ತಿರುಗಿಸುವಾಗ ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ತಂದು ಕೂರಿಸಬೇಕು. ಅದನ್ನು ನಾನು ಬರೆದೇ ಇರಲಿಲ್ಲ. ಅದರ ಮೇಲೆ, ಗುರುತು ಸಿಗದ ಚಿಹ್ನೆ ಬಂದರೆ ಬಿಟ್ಟು ಮುಂದೆ ಹೋಗು ಅಂತ ಒಂದು ಸಾಲು ಬರೆದಿದ್ದೆ. ಪ್ರೋಗ್ರಾಂ ನಾನು ಹೇಳಿದ ಹಾಗೇ ಮಾಡಿತ್ತು. ಸಾವಿರಕ್ಕೂ ಜಾಸ್ತಿ ಹೆಸರಿನಿಂದ ಒಂದೊಂದು ಸದ್ದನ್ನು ಕಿತ್ತು ಹಾಕಿತ್ತು.

ಹೆಸರಿನಲ್ಲಿ ಒಂದು ಒತ್ತು ಹೋದರೆ ಏನು ಮಹಾ ಅಂತ ಕೇಳಬಹುದು. ಈಗ ಮನೆ ಮಾರಬೇಕು ಅಂದರೆ, ಮಗಳಿಗೆ ದಾನಪತ್ರ ಮಾಡಬೇಕು ಅಂದರೆ, ಇ-ಖಾತಾ ಇಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಆಗುವುದಿಲ್ಲ. ಆಧಾರಿನಲ್ಲಿ ಒಂದು ಹೆಸರು, ತೆರಿಗೆ ರಸೀದಿಯಲ್ಲಿ ಇನ್ನೊಂದು ಇದ್ದರೆ ಅಫಿಡವಿಟ್ಟು, ನೋಟರಿ, ಮತ್ತೆ ಅರ್ಜಿ. ಕೂಲಿಗೆ ಹೋಗುವವರಿಗೆ ಒಂದೊಂದು ಓಡಾಟವೂ ಒಂದು ದಿನದ ಸಂಬಳ. ನಾನು ಬರೆದ ಒಂದು ಸಾಲಿಗೆ ಅವರು ಯಾಕೆ ಅಲೆಯಬೇಕು?

ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ದುಡ್ಡಿನ ಲೆಕ್ಕ ಕೆಟ್ಟಿದೆಯಾ?" ಅಂತ ಕೇಳಿದರು. ಇಲ್ಲ ಅಂದೆ. "ಎಷ್ಟು ಹೊತ್ತು ಬೇಕು?" ಒಂದೂವರೆ ದಿನ ಕೌಂಟರ್ ನಿಲ್ಲಿಸಬೇಕು ಅಂದೆ. ರಿಯಾಯಿತಿ ತಿಂಗಳಲ್ಲಿ ಹಾಗೆ ಕೇಳುವುದು ಎಷ್ಟು ಕಷ್ಟ ಅಂತ ಕಚೇರಿಯಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಅವರು ಕಿಟಕಿಯಿಂದ ಸಾಲು ನೋಡಿ, ಬೋರ್ಡ್ ಬರೆಸಿ ಅಂದರು. ಗೊತ್ತಾದ ದಿನದೊಳಗೆ ಮುಗಿಸಿ ಕೊಡಬೇಕಾದ ಸಕಾಲ ಯೋಜನೆಯ ಅರ್ಜಿಗಳನ್ನು ಮಾತ್ರ ಎಂದಿನಂತೆ ತೆಗೆದುಕೊಳ್ಳಿ, ಅವುಗಳ ಗಡುವು ನಮಗಾಗಿ ನಿಲ್ಲುವುದಿಲ್ಲ ಅಂತಲೂ ಹೇಳಿದರು. ಅಜ್ಜಿಗೆ ನಂಬರ್ ಮೇಲೆ ದುಡ್ಡು ಕಟ್ಟಿಸಿಕೊಂಡು, ಹೆಸರನ್ನು ಕೈಯಲ್ಲಿ ತಿದ್ದಿ, ಮೇಡಂ ತಾವೇ ಸಹಿ ಹಾಕಿ ರಸೀದಿ ಕೊಟ್ಟರು.

ಹಳೆಯ ಕಡತವನ್ನು ಅಳಿಸದೆ ಇಟ್ಟಿದ್ದೆ, ಅದೊಂದು ಪುಣ್ಯ. ಆದರೆ ಅದನ್ನು ಹಾಗೇ ವಾಪಸ್ ಹಾಕುವಂತಿರಲಿಲ್ಲ. ಒಂಬತ್ತು ದಿನದಲ್ಲಿ ನೂರಾರು ಜನ ತೆರಿಗೆ ಕಟ್ಟಿದ್ದರು. ಹಳೆಯದು ಕೂರಿಸಿದರೆ ಅವರೆಲ್ಲ ಮತ್ತೆ ಬಾಕಿದಾರರಾಗುತ್ತಿದ್ದರು. ಹೆಸರುಗಳನ್ನಷ್ಟೇ ಹೊಸದಾಗಿ ತಿರುಗಿಸಿ, ಅಸೆಸ್‌ಮೆಂಟ್ ನಂಬರ್ ಹಿಡಿದು ಒಂದೊಂದಕ್ಕೂ ಜೋಡಿಸಿದೆ. ದುಡ್ಡಿನ ಕಾಲಂ ಮುಟ್ಟಲಿಲ್ಲ. ರಾತ್ರಿ ಹತ್ತಕ್ಕೆ ಎಣಿಸಿದಾಗ ಅರ್ಕಾವತ್ತು 1,340 ಆಗಿತ್ತು.

ಈ ಸಲ ಎಣಿಕೆ ನಂಬಿ ಮನೆಗೆ ಹೋಗಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ನಮ್ಮ ಹಿರಿಯ ಬಿಲ್ ಕಲೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನಿವೃತ್ತಿಗೆ ಎರಡು ವರ್ಷ ಇತ್ತು ಅವರಿಗೆ. ನಾನು ಹೆಸರು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. "ಸರಿ." "ಸರಿ." "ನಿಲ್ಸಿ, ಆ ಮನೇಲಿ ಬಿನ್ ಅಲ್ಲ, ಕೋಂ. ಆಯಮ್ಮ ಅವರ ಹೆಂಡತಿ, ಮಗ ಅಲ್ಲ." ಅದು ನನ್ನ ಪ್ರೋಗ್ರಾಂ ಮಾಡಿದ ತಪ್ಪಲ್ಲ. ಎಷ್ಟೋ ವರ್ಷದ ಹಿಂದೆ ಯಾರೋ ಟೈಪ್ ಮಾಡುವಾಗ ಆದದ್ದು. ರಿಜಿಸ್ಟರ್ ತೆಗೆದು ನೋಡಿದರೆ ಅವರು ಹೇಳಿದ್ದೇ ಸರಿ. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ, "ಹಿಟ್ಟಿನ ಗಿರಣಿ ಪಕ್ಕದವರು ಮೊದಲನೆಯವರು" ಅಂತ ಬಿಡಿಸಿ ಹೇಳುತ್ತಿದ್ದರು. ಇಷ್ಟು ವರ್ಷ ಆ ತಿಳಿವಳಿಕೆ ನಮ್ಮ ಕಚೇರಿಯಲ್ಲೇ ಓಡಾಡಿಕೊಂಡಿತ್ತು. ನಾನು ಒಂದು ಸಲವೂ ಕೇಳಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಒಂದು ಹೆಸರು ಮಾತ್ರ ಉಳಿಯಿತು. ಕಂಪ್ಯೂಟರಿನಲ್ಲಿ ಅರ್ಧ ಇತ್ತು. ರಿಜಿಸ್ಟರಿನ ಆ ಹಾಳೆಯ ಅಂಚನ್ನು ಗೆದ್ದಲು ತಿಂದಿತ್ತು. ಅವರು ಮೊಪೆಡ್ ಹತ್ತಿ ಆ ಮನೆಗೇ ಹೋದರು. ಮುಕ್ಕಾಲು ಗಂಟೆ ಬಿಟ್ಟು, ಮನೆಯವರು ಪೆಟ್ಟಿಗೆಯಲ್ಲಿ ಇಟ್ಟಿದ್ದ ಹಳೆಯ ಕಂದಾಯ ರಸೀದಿಯ ಜೆರಾಕ್ಸ್ ತಂದು ನನ್ನ ಕೀಬೋರ್ಡ್ ಮೇಲೆ ಇಟ್ಟರು. ತಪ್ಪು ಹೆಸರಿನಲ್ಲಿ ಹೋಗಿದ್ದ ರಸೀದಿಗಳನ್ನು ಆ ವಾರವೆಲ್ಲ ಮತ್ತೆ ಪ್ರಿಂಟ್ ಮಾಡಿ, ಬಿಲ್ ಕಲೆಕ್ಟರುಗಳ ಕೈಯಲ್ಲಿ ಮನೆಗಳಿಗೇ ಕಳಿಸಿದೆವು.

ಹೋದ ತಿಂಗಳು ನಲ್ಲಿ ಸಂಪರ್ಕದ ಪಟ್ಟಿಯನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಬಂತು. ಮೊದಲು 200 ಹೆಸರು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಆ ಹಿರಿಯ ಬಿಲ್ ಕಲೆಕ್ಟರಿಗೆ ಕೊಟ್ಟೆ. ಮನೆಗೆ ಒಯ್ದು, ರಾತ್ರಿ ಕೂತು ನೋಡಿ, ಬೆಳಿಗ್ಗೆ ವಾಪಸ್ ತಂದರು. ಕೆಂಪು ಪೆನ್ನಿನ ಗುರುತು ಮೂರು ಕಡೆ ಇತ್ತು. ಎರಡು ನನ್ನ ತಪ್ಪು. ಮೂರನೆಯದು ಸಾಗಿಸುವಾಗ ಆದದ್ದಲ್ಲ. ಆ ಮನೆಯ ಯಜಮಾನರು ತೀರಿಕೊಂಡು ಆರು ತಿಂಗಳಾಗಿದೆ, ಸಂಪರ್ಕವನ್ನು ಹೆಂಡತಿ ಹೆಸರಿಗೆ ಮಾಡಿಕೊಡಬೇಕು, ಪಾಪ ಅವರಿಗೆ ಓಡಾಡೋಕೆ ಆಗಲ್ಲ, ಅರ್ಜಿ ನಾನೇ ಬರೆಸಿಕೊಂಡು ಬರ್ತೀನಿ ಅಂತ ಅಂಚಿನಲ್ಲಿ ಬರೆದಿದ್ದರು.