ಬೆಳಕು ತುಂಬಾ ನಿಧಾನ

ನಂದು ನೆಟ್‌ವರ್ಕ್ ಕೆಲಸ. ಬೆಂಗಳೂರಿಂದ ನ್ಯೂಯಾರ್ಕ್ ಸರ್ವರ್‌ಗೆ ಪಿಂಗ್ ಮಾಡಿದರೆ, ಅಂದರೆ ‘ಇದ್ದೀಯಾ?’ ಅಂತ ಒಂದು ಸಣ್ಣ ಸಂದೇಶ ಕಳಿಸಿದರೆ, ಉತ್ತರಕ್ಕೆ 200 ಮಿಲಿಸೆಕೆಂಡ್ ದಾಟುತ್ತದೆ. ‘ಐವತ್ತಕ್ಕೆ ಇಳಿಸಿ’ ಅಂತಾರೆ ಕ್ಲೈಂಟ್. ಎಲ್ಲಿಂದ ಇಳಿಸೋದು ಸ್ವಾಮಿ? ನಡುವೆ 13,000 ಕಿ.ಮೀ.ಗಿಂತ ಜಾಸ್ತಿ ಇದೆ. ಡೇಟಾ ಹೋಗುವುದು ಗಾಜಿನ ಎಳೆಯ ಫೈಬರ್ ಕೇಬಲ್‌ನಲ್ಲಿ, ಬೆಳಕಾಗಿ; ಅದರೊಳಗೆ ಬೆಳಕು ಓಡುವುದೇ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ನೇರವಾಗಿ ಕೇಬಲ್ ಎಳೆದರೂ ಹೋಗಿಬರಲು 130 ಮಿಲಿಸೆಕೆಂಡ್ ಬೇಕೇ ಬೇಕು. ಎಷ್ಟು ದುಡ್ಡು ಸುರಿದರೂ ಅಷ್ಟೇ.

ಹಾಗಾಗಿ ಮಂಗಳಯಾನದವರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2014ರ ಸೆಪ್ಟೆಂಬರ್ 24ರಂದು ಮಂಗಳ ನಮ್ಮಿಂದ ಸುಮಾರು 22 ಕೋಟಿ ಕಿ.ಮೀ. ದೂರವಿತ್ತು. ನೌಕೆಯ ರೇಡಿಯೊ ಮಾತು ಬೆಳಕಿನ ವೇಗದಲ್ಲೇ ಓಡಿದರೂ ಇಲ್ಲಿಗೆ ಬರಲು ಹನ್ನೆರಡು ನಿಮಿಷದ ಮೇಲೆ. ಕಕ್ಷೆಗೆ ಸೇರಲು ಎಂಜಿನ್ ಉರಿಯಬೇಕಾದದ್ದು ಸುಮಾರು 24 ನಿಮಿಷ. ಶುರುವಿನಲ್ಲೇ ಏನಾದರೂ ಕೆಟ್ಟರೆ? ಸುದ್ದಿ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರಕ್ಕೆ ಮುಟ್ಟಿ, ಇವರ ಉತ್ತರ ಅಲ್ಲಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದಕ್ಕೇ ಆದೇಶಗಳನ್ನೆಲ್ಲ ದಿನಗಳ ಮೊದಲೇ ತುಂಬಿಟ್ಟಿದ್ದರು. ಎಂಜಿನ್ ಬೇರೆ 300 ದಿನದಿಂದ ಸುಮ್ಮನಿತ್ತು. ಎರಡು ದಿನ ಮುಂಚೆ ನಾಲ್ಕು ಸೆಕೆಂಡ್ ಉರಿಸಿ ನೋಡಿದ್ದರು, ಅಷ್ಟೇ. ಸಾಲದ್ದಕ್ಕೆ ನಡುವೆ ನೌಕೆ ಮಂಗಳದ ಹಿಂದೆ ಮರೆಯಾಯಿತು. ಇಂಥ ಕೆಲಸ ನನಗೆ ಯಾರೂ ಕೊಡದಿರಲಿ.

ನಾಸಾದ ವಾಯೇಜರ್ 1 ನೌಕೆಯದ್ದು ಇನ್ನೂ ಘೋರ. 1977ರಲ್ಲಿ ಹೊರಟಿದ್ದು, 2023ರ ಕೊನೆಗೆ ಅರ್ಥವಾಗದ ಡೇಟಾ ಕಳಿಸತೊಡಗಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಅದರಲ್ಲಿದ್ದ ಕೋಡನ್ನು ತುಂಡು ಮಾಡಿ ಬೇರೆ ಜಾಗಗಳಿಗೆ ಹಂಚಬೇಕಾಯಿತು. 2024ರ ಏಪ್ರಿಲ್ 18ರಂದು ಆದೇಶ ಕಳಿಸಿದರು. ಸರಿಹೋಯಿತು ಅಂತ ಗೊತ್ತಾಗಿದ್ದು 20ಕ್ಕೆ. ಒಂದು ಕಡೆಗೇ ಇಪ್ಪತ್ತೆರಡೂವರೆ ಗಂಟೆ!

ಇದು ಬರೀ ಸಿಗ್ನಲ್ ಕತೆ. ಮನುಷ್ಯ ಹೋಗುವ ಮಾತು ಬೇರೆಯೇ. ‘ಬೆಳಕಿನ ವೇಗದಲ್ಲಿ ಹೋಗೋಕಾಗುತ್ತಾ ಮಾಮ?’ ಅಂತಾನೆ ಅಕ್ಕನ ಮಗ. ಪೂರ್ತಿ ಆ ವೇಗ ಆಗಲ್ಲ ಕಣೋ, 99 ಪರ್ಸೆಂಟ್ ಅಂದುಕೋ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, 4.24 ಬೆಳಕಿನ ವರ್ಷ ದೂರ. ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್ ಲೆಕ್ಕದಲ್ಲಿ ಸುಮಾರು 75,000 ವರ್ಷ. ನಿನ್ನ 99 ಪರ್ಸೆಂಟ್‌ನಲ್ಲಿ ನಮಗೆ ನಾಲ್ಕು ವರ್ಷದ ಮೇಲಾದರೆ, ಒಳಗೆ ಕೂತ ನಿನಗೆ ಏಳು ತಿಂಗಳ ಆಸುಪಾಸು. ಅಷ್ಟು ವೇಗದಲ್ಲಿ ಹೋಗುವವರಿಗೆ ಸಮಯ ಕಡಿಮೆ ಕಳೆಯುತ್ತದೆ, ಐನ್‌ಸ್ಟೈನ್ ಲೆಕ್ಕ.

ಅವನಿಗೆ ಭಾರಿ ಖುಷಿ. ಕರೆಂಟ್ ಬಿಲ್ ಇನ್ನೂ ಹೇಳಿಲ್ಲ. ಆ ವೇಗಕ್ಕೆ ಏರಿಸಲು ಒಂದೊಂದು ಕೆ.ಜಿ.ಗೂ ಕಡಿಮೆ ಅಂದರೆ 15,000 ಕೋಟಿ ಯೂನಿಟ್. ಅಲ್ಲಿ ಹೋಗಿ ಬ್ರೇಕ್ ಹಾಕುವ ಖರ್ಚು ಬೇರೆ.