ಆ ಕುರಿಗಳು ಯಾರವು?

ಸೋಮವಾರ ಮುಧೋಳದಲ್ಲಿ ಭಾವನವರ ಹೊಸ ಮನೆಯ ವಾಸ್ತುಶಾಂತಿ. ಪಂಕ್ತಿಯಲ್ಲಿ ಮಾದಲಿಗಿಂತ ಹೆಚ್ಚಾಗಿ ಬಡಿಸಿದ್ದು ಅಮೆರಿಕವನ್ನು. ಭಾವನವರ ಅಳಿಯ ಐಡಹೊ ರಾಜ್ಯದಲ್ಲಿ ಕೆಲಸಕ್ಕಿದ್ದಾನೆ. ರಜೆಗೆಂದು ಬಂದವನು ಊಟವಾದ ಮೇಲೆ ಕಟ್ಟೆಗೆ ಕುಳಿತು ಮೊಬೈಲಿನಲ್ಲಿ ಒಂದು ವಿಡಿಯೊ ಹಚ್ಚಿದ. ಹಿಮದ ಮೇಲೆ ತೋಳ, ಅದರ ಮುಂಗಾಲನ್ನು ಕಚ್ಚಿ ಹಿಡಿದ ಕಬ್ಬಿಣದ ಬೋನು. ತೋಳ ಕೂಗುತ್ತಿರಲಿಲ್ಲ, ಎಳೆದಾಡುತ್ತಲೂ ಇರಲಿಲ್ಲ. ಸುಮ್ಮನೆ ನಿಂತಿತ್ತು.

ನೋಡುತ್ತಿದ್ದವರಲ್ಲಿ ಭಾವನವರ ಹೊಲದಲ್ಲಿ ಕುರಿ ತರುಬಿರುವ ಅಜ್ಜನೂ ಇದ್ದ. ಮುಂದಿನ ಮಾತುಗಳನ್ನು ಇದ್ದಂತೆಯೇ ಬರೆಯುತ್ತೇನೆ.

“ಹೀಗೆ ಹಿಡಿಯದಿದ್ದರೆ ಅಲ್ಲಿ ಕಾಡುಕುರಿ, ಎಲ್ಕ್, ಜಿಂಕೆ ಯಾವುದೂ ಉಳಿಯುವುದಿಲ್ಲ ಅಜ್ಜಾ.”

“ಆ ಕುರಿಗಳು ಯಾರವು ತಮ್ಮಾ?”

“ಯಾರವೂ ಅಲ್ಲ. ಕಾಡಿನವು.”

“ತೋಳ?”

“ಅದೂ ಕಾಡಿನದೇ.”

“ಮತ್ತೆ ನಡುವೆ ನಿನಗೇನು ಕೆಲಸ?”

ಭಾವನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಅಳಿಯನೆಂದರೆ ಅವರಿಗೆ ಒಳಗೊಳಗೇ ಅಂಜಿಕೆ. ಹಾಗಾಗಿ ಬೇರೆ ಯಾರಾದರೂ ಅವನನ್ನು ಕೆಣಕಿದರೆ ಹಬ್ಬ. ಅಕ್ಕ ಮಾತ್ರ ಅಜ್ಜನನ್ನು ಕೆಕ್ಕರಿಸಿ ನೋಡಿ ಎಲೆ ಅಡಿಕೆ ತಟ್ಟೆಯನ್ನು ಆಚೆ ಸರಿಸಿದಳು. ಹುಡುಗ ಕೆಟ್ಟವನಲ್ಲ. ಬೋನು ಇಟ್ಟವನೂ ಅವನಲ್ಲ, ಕಚೇರಿಯ ಗೆಳೆಯನೊಂದಿಗೆ ಶನಿವಾರ ನೋಡಲು ಹೋಗಿದ್ದನಂತೆ. ಆದರೆ ಪರ ಊರಿನ ವಾದವನ್ನು ಆ ಊರಿನವರಿಗಿಂತ ಬಿಗಿಯಾಗಿ ಹಿಡಿದುಕೊಳ್ಳುವವರು ಇರುತ್ತಾರೆ. ಇವನು ಆ ಪೈಕಿ.

ಬೋನು ಇಟ್ಟವನು 72 ಗಂಟೆಗೊಮ್ಮೆಯಾದರೂ ಹೋಗಿ ನೋಡಬೇಕೆಂದು ಅಲ್ಲಿ ನಿಯಮವಿದೆ. ಅದನ್ನು ಅವನು ದಯೆಗೆ ಸಾಕ್ಷಿ ಎಂಬಂತೆ ಹೇಳಿದ. “ಮೂರು ದಿನವೇ?” ಎಂದ ಅಜ್ಜ. ಅಜ್ಜನಿಗೆ ತೋಳದ ಮೇಲೆ ಪ್ರೀತಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಅದನ್ನು ಶಪಿಸದೆ ಅವನ ಹೊತ್ತು ಮುಳುಗುವುದಿಲ್ಲ. ಮರಿ ಹಾಕಿದ ಗವಿಗೆ ಹೊಗೆ ಹಾಕುವುದು ನಮ್ಮ ಕಡೆಯೂ ನಡೆದು ಬಂದದ್ದೇ. ಬ್ರಿಟಿಷರ ಕಾಲದಲ್ಲಿ ತಲೆಗಿಷ್ಟು ಎಂದು ಇನಾಮು ಕೊಟ್ಟು 1871ರಿಂದ 1916ರ ನಡುವೆ ಲಕ್ಷಕ್ಕೂ ಮೇಲ್ಪಟ್ಟು ತೋಳಗಳನ್ನು ಕೊಲ್ಲಿಸಿದ್ದು ಈ ದೇಶದಲ್ಲೇ. ಅಜ್ಜ ತನ್ನ ನಿಲುವನ್ನು ಮುಚ್ಚಿಡಲಿಲ್ಲ: “ನನ್ನ ಕುರಿಗೆ ಬಾಯಿ ಹಾಕಿದರೆ ನಾನು ಬಡಿಗೆ ಎತ್ತುತ್ತೇನೆ. ನಿನ್ನದೇನು ತಿಂದಿತ್ತು ಅದು?”

ಹುಡುಗನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಆದರೆ ಪಶುಸಂಗೋಪನೆ ಇಲಾಖೆಯಲ್ಲಿ ಕುರಿಗಳಿಗೆ ಸೂಜಿ ಚುಚ್ಚಿಯೇ ನಿವೃತ್ತನಾದವನು ನಾನು. ಕಾಡುಕುರಿ ಕಡಿಮೆಯಾಗಲು ತೋಳವೇ ಕಾರಣ ಎಂದಾಗ ಒಳಗೆ ಏನೋ ಕೆರಳಿತು. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಬಿಗ್‌ಹಾರ್ನ್ ಎಂಬ ದೊಡ್ಡ ಕೊಂಬಿನ ಕಾಡುಕುರಿಗಳಿವೆ. ಅವನ್ನು ಹಿಂಡು ಹಿಂಡಾಗಿ ಮಲಗಿಸಿದ್ದು ನ್ಯುಮೋನಿಯಾ. ಅದನ್ನು ಎಬ್ಬಿಸುವ ಮೈಕೊಪ್ಲಾಸ್ಮಾ ಎಂಬ ರೋಗಾಣು ಸಾಕಿದ ಕುರಿಯ ಮೂಗಿನಲ್ಲಿ ತಣ್ಣಗೆ ಮನೆ ಮಾಡಿಕೊಂಡಿರುತ್ತದೆ, ಸಾಕಿದ ಕುರಿಗೆ ಹೆಚ್ಚೇನೂ ಆಗುವುದಿಲ್ಲ. ಕಾಡಿನದು ಬಂದು ಮೂಸಿತೋ, ಮುಗಿಯಿತು. ದೊಡ್ಡವು ಸಾಯುತ್ತವೆ. ಬದುಕಿ ಉಳಿದ ತಾಯಿಗಳಿಂದ ಮರಿಗಳಿಗೆ ಅಂಟಿ, ಮುಂದಿನ ವರ್ಷಗಳಲ್ಲಿ ಹುಟ್ಟಿದವೂ ಸಾಯುತ್ತವೆ.

ಇದು ಅಮೆರಿಕದ ಮಾತಷ್ಟೇ ಅಲ್ಲ. ನಾವು ಕುರಿ-ಮೇಕೆಗಳಿಗೆ ಪಿಪಿಆರ್ ಎಂದು ಲಸಿಕೆ ಹಾಕುವ ಹಿರೇಬೇನೆ ಮಂಗೋಲಿಯಾದಲ್ಲಿ ಸಾಕು ಪ್ರಾಣಿಗಳಿಂದ ಸೈಗಾ ಎಂಬ ಹುಲ್ಲೆಗಳಿಗೆ ಹಬ್ಬಿ 2016–17ರಲ್ಲಿ ಅಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೊಂದಿತು. ನಮ್ಮ ಬೆಳಗಾವಿಯ ಭೂತರಾಮನಹಟ್ಟಿಯ ಮೃಗಾಲಯದಲ್ಲಿ 2025ರ ನವೆಂಬರಿನಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವಲ್ಲ, ಅದು ದನ-ಎಮ್ಮೆಗಳಿಗೆ ಬರುವ ಗಳಲೆ ರೋಗ. ಬೇಲಿಯೊಳಗೆ ಯಾವ ತೋಳ ಬಂದಿತ್ತು? ಕೆಮ್ಮಿಗೆ ಬೋನು ಇಡಲು ಬರುವುದಿಲ್ಲ. ಅದಕ್ಕೆ ಹಲ್ಲಿಲ್ಲ, ಬಾಲವಿಲ್ಲ, ಹಿಡಿದು ನಿಲ್ಲಿಸಿ ವಿಡಿಯೊ ಮಾಡಲು ಮೈಯೇ ಇಲ್ಲ.

ಹುಡುಗನ ಮಾತು ಪೂರ್ತಿ ಪೊಳ್ಳು ಎನ್ನಲಾರೆ. ತೋಳ ಹಸಿದರೆ ತಿನ್ನುತ್ತದೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಮುಗಿಸಿದರು. ಆಮೇಲೆ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳು ಎಷ್ಟು ಹೆಚ್ಚಿದವೆಂದರೆ ಉದ್ಯಾನದ ಕಾವಲುಗಾರರೇ ಬಂದೂಕು ಹಿಡಿದು ಅವನ್ನು ಕಡಿಮೆ ಮಾಡಬೇಕಾಯಿತು. 1995ರಲ್ಲಿ ಕೆನಡಾದಿಂದ ತೋಳಗಳನ್ನು ತಂದು ಬಿಟ್ಟ ಮೇಲೆ ಎಲ್ಕ್ ಇಳಿದದ್ದು ನಿಜ. ಆದರೆ ಆ ಇಳಿಕೆಯಲ್ಲಿ ಕರಡಿ, ಬರ, ಬೇಟೆಗಾರ ಎಲ್ಲರಿಗೂ ಪಾಲಿದೆ. ಅಲಾಸ್ಕಾದ ಕಥೆ ನನಗೆ ಇನ್ನೂ ಇಷ್ಟ. 1930ರ ದಶಕದಲ್ಲಿ ಅಲ್ಲಿ ಡಾಲ್ ಎಂಬ ಕಾಡುಕುರಿಗಳ ಸಂಖ್ಯೆ ಕುಸಿದಾಗ ತೋಳಗಳನ್ನು ಕೊಲ್ಲಿ ಎಂಬ ಕೂಗೆದ್ದಿತು. ಅಡಾಲ್ಫ್ ಮ್ಯೂರಿ ಎಂಬ ವಿಜ್ಞಾನಿ 1939ರಿಂದ ಬೆಟ್ಟ ಅಲೆದು ಕುರಿಗಳ 829 ತಲೆಬುರುಡೆ ಆರಿಸಿ ತಂದ. ಕೊಂಬಿನ ಉಂಗುರ ಎಣಿಸಿ ವಯಸ್ಸು ನೋಡಿದ. ಬಹುಪಾಲು ಮುದಿಯವು, ರೋಗದವು, ಎಳೆಯವು. ಬಲವಾದ ಕುರಿ ತೋಳದ ಬಾಯಿಗೆ ಬಿದ್ದದ್ದು ಕಡಿಮೆ. ಕುಸಿತಕ್ಕೆ ದೊಡ್ಡ ಕಾರಣ ಕಡು ಚಳಿಗಾಲಗಳು. ಇಷ್ಟಾದರೂ ತೋಳಗಳನ್ನು ಕೊಲ್ಲುವುದು ನಿಲ್ಲಲಿಲ್ಲ ಎನ್ನುವುದು ಬೇರೆ ಮಾತು. ಸರಿಯಾದ ವರದಿ ಬರೆದ ನೌಕರನ ಗತಿ ಎಲ್ಲ ದೇಶಗಳಲ್ಲೂ ಒಂದೇ.

ಹೊರಡುವಾಗ ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. “ಯಡಹಳ್ಳಿಯಲ್ಲಿಯೂ ಹೀಗೆಯೇ ಮಾಡಬೇಕು ಮಾಮಾ. ಚಿಂಕಾರ ಹೆಚ್ಚುತ್ತವೆ.” ಚಿಂಕಾರ ಎಂದರೆ ಸಣ್ಣ ಜಾತಿಯ ಹುಲ್ಲೆ. ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಚಿಂಕಾರ ಧಾಮದಲ್ಲಿ ತೋಳಗಳೂ ಇವೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎರಡೂ ಪ್ರಾಣಿಗಳಿವೆ, ಬೋನು ಇಟ್ಟವನು ಜೈಲಿಗೆ ಹೋಗುತ್ತಾನೆ ಎಂದೆ. ಹೇಳಬೇಕೆಂದಿದ್ದ ಇನ್ನೊಂದು ಮಾತನ್ನು ನುಂಗಿಕೊಂಡೆ, ಮಂಗಲ ಕಾರ್ಯದ ಮನೆ. ಚಿಂಕಾರ ಮೇಯುವಂಥ ಮಡ್ಡಿ ನೆಲವೆಲ್ಲ ಏನಾಯಿತೆಂದು ತಿಳಿಯಬೇಕಾದರೆ ಅವನು ಮಾವನ ಮನೆಯ ಮಾಳಿಗೆ ಹತ್ತಿದರೆ ಸಾಕು. ಕಣ್ಣು ಹಾಯುವವರೆಗೂ ಕಬ್ಬು. ಆ ಮನೆ ಎದ್ದದ್ದೂ ಕಬ್ಬಿನ ಬಿಲ್ಲಿನಿಂದಲೇ. ಚಿಂಕಾರದ ಬೆನ್ನು ಹತ್ತುವ ಬೀದಿನಾಯಿಗಳ ಹಿಂಡಿಗೂ ಯಾರೂ ಬೋನಿನ ಮಾತೆತ್ತುವುದಿಲ್ಲ.

ಅಂದಿನಿಂದ ರಾತ್ರಿ ನಿದ್ದೆ ಬಾರದಿದ್ದಾಗಲೆಲ್ಲ ಅದೇ ಮಾತು. ಯಾರವೂ ಅಲ್ಲ. ಅದೂ ಕಾಡಿನದೇ. ಮತ್ತೆ ನಡುವೆ ನಿನಗೇನು ಕೆಲಸ? ಅಜ್ಜ ಕೇಳಿದ್ದು ತಮಾಷೆಗೆ. ಉತ್ತರ ಮಾತ್ರ ತಮಾಷೆಯದಲ್ಲ. 2013ರಲ್ಲಿ ಮೊಂಟಾನಾ ರಾಜ್ಯ ಒಂದು ಬಿಗ್‌ಹಾರ್ನ್ ಟಗರನ್ನು ಬೇಟೆಯಾಡುವ ಪರವಾನಗಿಯನ್ನು ಹರಾಜಿಗೆ ಹಾಕಿತು. ಹೋದ ಬೆಲೆ 4,80,000 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಕೋಟಿ ರೂಪಾಯಿ. ಅಂದರೆ ಆ ಕುರಿಗೆ ಯಜಮಾನ ಇಲ್ಲದಿಲ್ಲ, ಅವನು ಇನ್ನೂ ಬಂದೂಕು ಹಿಡಿದು ಬಂದಿಲ್ಲ, ಅಷ್ಟೇ. ತೋಳದ ತಪ್ಪೆಂದರೆ ಹರಾಜಿನಲ್ಲಿ ಕೂಗದೆ ತಿಂದದ್ದು. ಬೇಟೆನಾಯಿಯ ಹೆಸರಿನಿಂದಲೇ ಲೋಕಕ್ಕೆ ಗೊತ್ತಿರುವ ಊರು ನಮ್ಮದು, ಘೋರ್ಪಡೆ ಅರಸರು ಆಳಿದ ಸಂಸ್ಥಾನ. ಅರಸನ ಬೇಟೆಗೆಂದು ಕಾಯ್ದಿಟ್ಟ ಪ್ರಾಣಿ ಎಂದರೇನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಹುಡುಗನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದೆ. ಕೂಡಲೇ ಉತ್ತರ ಬಂತು: “ಆ ಹಣವೆಲ್ಲ ಕಾಡುಕುರಿಗಳ ರಕ್ಷಣೆಗೇ ಹೋಗುತ್ತದೆ ಮಾಮಾ.” ಬಹುಪಾಲು ಹೋಗುತ್ತದೆ, ಸುಳ್ಳಲ್ಲ. ರೋಗ ತಗುಲಿದ ಹಿಂಡುಗಳನ್ನು ನೋಡಿಕೊಳ್ಳಲು, ಖಾಲಿಯಾದ ಬೆಟ್ಟಗಳಿಗೆ ಹೊಸ ಹಿಂಡು ತಂದು ಬಿಡಲು ಇಂಥ ದುಡ್ಡೇ ಬಳಕೆಯಾಗುತ್ತದೆ. ಅದಕ್ಕೆ ಎದುರು ಮಾತು ನನಗೆ ಹೊಳೆಯಲಿಲ್ಲ. ಹಾಗಾಗಿ ನಿನ್ನೆ ಅಜ್ಜನಿಗೇ ಫೋನು ಮಾಡಿ ಹರಾಜಿನ ಕಥೆ ಹೇಳಿದೆ. ಬೆಲೆಯನ್ನು ಎರಡು ಸಲ ಹೇಳಿಸಿಕೊಂಡ.

“ಒಂದೇ ಟಗರಿಗೆ?”

“ಒಂದೇ ಟಗರಿಗೆ.”

“ಆ ಹುಡುಗನಿಗೆ ಹೇಳಿರಿ ಸಾಹೇಬರೇ, ಗಿರಾಕಿ ಇದ್ದರೆ ಕರೆದುಕೊಂಡು ಬರಲಿ. ನನ್ನಲ್ಲಿ ಎರಡಿವೆ. ಬರುವ ತನಕ ತೋಳವನ್ನು ನಾನೇ ಕಾಯುತ್ತೇನೆ, ಅದಕ್ಕೆ ಬೇರೆ ದುಡ್ಡು ಬೇಡ.”