ಲಯ ಓಡಿದರೆ ಓಡಲಿ: ಕೌಲ್ ಬಜಾರ್‌ನ ರೆಕಾರ್ಡಿಂಗ್ ಕೋಣೆಯಿಂದ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನನ್ನದೊಂದು ಚಿಕ್ಕ ರೆಕಾರ್ಡಿಂಗ್ ಕೋಣೆ ಇದೆ. ಹದಿನಾಲ್ಕಡಿ ಉದ್ದ, ಹನ್ನೊಂದಡಿ ಅಗಲ. ಮೇಲಿನ ಮಹಡಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಮಷಿನ್‌ಗಳು ಶುರುವಾದರೆ ರಾತ್ರಿ ಒಂಬತ್ತರ ತನಕ ಚಾವಣಿಯಿಂದ ಸಣ್ಣ ನಡುಕ ಇಳಿಯುತ್ತಲೇ ಇರುತ್ತದೆ. ಅದಕ್ಕೇ ನನ್ನ ಕೆಲಸವೆಲ್ಲ ರಾತ್ರಿಯದು. ಬರುವವರು ಹೆಚ್ಚಾಗಿ ಭಜನಾ ಮೇಳದವರು, ಜಾತ್ರೆಗೆ ದೇವರ ಹಾಡು ಮಾಡಿಸುವವರು, ಚುನಾವಣೆ ಬಂದರೆ ಪ್ರಚಾರದ ಹಾಡಿನವರು. ಹದಿನೇಳು ವರ್ಷ ಆಯಿತು. ಅದರಲ್ಲಿ ಬಹುಪಾಲು ವರ್ಷ ನಾನು ನನ್ನ ಕೆಲಸವನ್ನೇ ತಪ್ಪಾಗಿ ತಿಳಿದುಕೊಂಡಿದ್ದೆ. ಅದು ಗೊತ್ತಾಗಿದ್ದು ಒಂದು ಪಂಕ್ ರಾಕ್ ಬ್ಯಾಂಡಿನಿಂದ.

ಮೊದಲು ತಪ್ಪನ್ನು ಹೇಳುತ್ತೇನೆ. ಐದಾರು ವರ್ಷದ ಹಿಂದೆ ಸಿರುಗುಪ್ಪ ಕಡೆಯ ಒಂದು ಹಳ್ಳಿಯಿಂದ ತತ್ವಪದ ಹಾಡುವ ಮೇಳ ಬಂದಿತ್ತು. ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ, ಹಾಡುವವರು ನಾಲ್ಕು ಜನ. ಹಿರಿಯರಿಗೆ ಎಪ್ಪತ್ತು ದಾಟಿತ್ತು. ಮೇಳದ ಹಾಡು ಹೇಗೆ ನಡೆಯುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು: ನಿಧಾನವಾಗಿ ಎತ್ತಿಕೊಳ್ಳುತ್ತಾರೆ, ಪಲ್ಲವಿ ತಿರುಗಿ ತಿರುಗಿ ಬಂದಂತೆ ಕಾವೇರುತ್ತದೆ, ಕೊನೆಗೆ ತಾಳದವನ ಕೈ ಕಣ್ಣಿಗೆ ಕಾಣದಷ್ಟು ಜೋರಾಗುತ್ತದೆ. ನನಗೆ ಅದು ತಪ್ಪಾಗಿ ಕಂಡಿತು. ಎಲ್ಲರ ಕಿವಿಗೂ ಹೆಡ್‌ಫೋನ್ ಹಾಕಿದೆ, ಲಯ ಒಂದೇ ಸಮನೆ ಇರಲೆಂದು ಅದರೊಳಗೆ ಟಿಕ್ ಟಿಕ್ ಅನ್ನುವ ಕ್ಲಿಕ್ ಬಿಟ್ಟೆ. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಸೇರಬಾರದೆಂದು ಒಬ್ಬೊಬ್ಬರನ್ನೇ ಕರೆದು ಬಾರಿಸಿಕೊಂಡೆ. ಎರಡು ರಾತ್ರಿ ಹಿಡಿಯಿತು. ಒಂದು ಪೆಟ್ಟೂ ಅತ್ತಿತ್ತ ಸರಿಯದಂತೆ ಜೋಡಿಸಿದೆ. ಎಲ್ಲ ಮುಗಿಸಿ ಕೇಳಿಸಿದಾಗ ಹಿರಿಯರು ಸ್ಪೀಕರ್ ಕಡೆ ಕಿವಿಕೊಟ್ಟು ಪೂರ್ತಿ ಕೇಳಿದರು. ಆಮೇಲೆ ನನ್ನನ್ನು ನೋಡಿ, ‘ಇದು ಯಾವ ಊರಿನ ಮೇಳದ್ದಪ್ಪ?’ ಅಂದರು. ಅವರು ಕುಹಕಕ್ಕೆ ಕೇಳಿದ್ದಲ್ಲ. ಬೇರೆ ಯಾರದೋ ಹಾಕಿದ್ದೇನೆ ಅಂತ ನಿಜವಾಗಿಯೂ ಅಂದುಕೊಂಡಿದ್ದರು. ಆ ಮಾತು ನನ್ನೊಳಗೆ ಹಾಗೇ ಕೂತಿತು. ಆದರೆ ಎಲ್ಲಿ ತಪ್ಪಿದೆ ಅನ್ನುವುದು ಆಗಲೂ ಹೊಳೆಯಲಿಲ್ಲ.

ಮೂರು ವರ್ಷದ ಹಿಂದೆ ನಾಲ್ಕು ಜನ ಹುಡುಗರು ಬಂದರು. ಡಿಗ್ರಿ ಓದುವವರು. ಎರಡು ಗಿಟಾರ್, ಒಂದು ಬೇಸ್ ಗಿಟಾರ್, ಡ್ರಮ್ಸ್. ಕನ್ನಡದಲ್ಲಿ ಪಂಕ್, ಅಂದರೆ ಒರಟಾದ ವೇಗದ ರಾಕ್, ಹಾಡುತ್ತೇವಣ್ಣ ಅಂದರು. ಎರಡೆರಡು ನಿಮಿಷದ ಹಾಡುಗಳು, ನೀರು ಬರದ ನಲ್ಲಿ, ಧೂಳು, ಅದಿರಿನ ಲಾರಿ, ಇವೇ ವಿಷಯ. ನಾನು ಎಂದಿನಂತೆ ಕ್ಲಿಕ್ ಹಾಕಿದೆ. ಡ್ರಮ್ಸ್ ಹುಡುಗ ಹೆಡ್‌ಫೋನ್ ತೆಗೆದಿಟ್ಟು, ‘ಅಣ್ಣ, ಇದು ಬ್ಯಾಡಣ್ಣ. ಇದನ್ನ ಕೇಳಿ ಬಾರ್ಸಿದ್ರೆ ಇವ್ರು ನಂಗೆ ಕೇಳ್ಸಲ್ಲ’ ಅಂದ. ಮರುದಿನ ಒಂದು ಪೆನ್‌ಡ್ರೈವ್ ತಂದುಕೊಟ್ಟ. ಅದರಲ್ಲಿ ದ ಕ್ಲ್ಯಾಶ್ ಅನ್ನುವ ಲಂಡನ್ ಬ್ಯಾಂಡಿನ ಆಲ್ಬಮ್‌ಗಳು ವರ್ಷದ ಪ್ರಕಾರ ಸಾಲಾಗಿ ಇದ್ದವು.

ಮಷಿನ್ ನಿಂತ ಮೇಲೆ ಒಂದೊಂದು ರಾತ್ರಿ ಒಂದೊಂದು ಕೇಳುತ್ತಾ ಹೋದೆ. 1977ರ ಮೊದಲನೆಯದು ಹದಿನಾಲ್ಕು ಹಾಡು, ಮೂವತ್ತೈದು ನಿಮಿಷ. ಮೂರು ವಾರಾಂತ್ಯಗಳಲ್ಲಿ ಮುಗಿಸಿದ್ದಂತೆ. ಅದರ ನಿರ್ಮಾಪಕ ಅಂತ ಹೆಸರು ಇರುವುದು ಮಿಕಿ ಫುಟ್ ಅವರದು. ಅವರು ಆ ಬ್ಯಾಂಡಿಗೆ ಸ್ಟೇಜ್ ಮೇಲೆ ಸೌಂಡ್ ನೋಡಿಕೊಳ್ಳುತ್ತಿದ್ದವರು, ನನ್ನಂಥದೇ ಕೆಲಸದವರು. ಅದನ್ನು ಓದಿದಾಗ ಖುಷಿಯಾಯಿತು. ಸದ್ದು ಒರಟು, ಗಂಟಲು ಹರಿಯುವ ಹಾಗೆ ಹಾಡುವ ಜೋ ಸ್ಟ್ರಮ್ಮರ್, ಪಕ್ಕದಲ್ಲಿ ಮಿಕ್ ಜೋನ್ಸ್ ಗಿಟಾರ್. ಬೇಸ್ ಹಿಡಿದ ಪಾಲ್ ಸಿಮೊನನ್‌ಗೆ ಬ್ಯಾಂಡ್ ಕಟ್ಟುವಾಗ ಬೇಸ್ ಬಾರಿಸಲೇ ಬರುತ್ತಿರಲಿಲ್ಲ, ಸೇರಿದ ಮೇಲೆ ಕಲಿತದ್ದು. ಇಷ್ಟೆಲ್ಲ ವೇಗದ ಹಾಡುಗಳ ನಡುವೆ ಆರು ನಿಮಿಷದ ಒಂದು ರೆಗೆ ಹಾಡು ಬರುತ್ತದೆ. ಜಮೈಕಾದವರ ಹಾಡು ಅದು. ರೆಗೆಯಲ್ಲಿ ಗಿಟಾರ್ ಪೆಟ್ಟು ತಾಳದ ನಡುವಿನ ಖಾಲಿ ಜಾಗಕ್ಕೆ ಬೀಳುತ್ತದೆ. ಇವರು ಒಂದು ಗಿಟಾರನ್ನು ತಾಳದ ಪೆಟ್ಟಿನ ಮೇಲೆ ಇಟ್ಟು ಇನ್ನೊಂದನ್ನು ಖಾಲಿ ಜಾಗಕ್ಕೆ ಇಟ್ಟಿದ್ದಾರೆ. ಎಡ ಕಿವಿ, ಬಲ ಕಿವಿ ಬೇರೆ ಬೇರೆ ಮಾಡಿ ಎಷ್ಟು ಸಲ ಕೇಳಿದೆನೋ ಲೆಕ್ಕ ಇಟ್ಟಿಲ್ಲ. ತಬಲಾದವರು ಬಿಟ್ಟ ಜಾಗಕ್ಕೆ ತಾಳದವರು ಬಂದು ಕೂರುವ ಹಾಗೆ.

1978ರ ಎರಡನೆಯ ಆಲ್ಬಮ್ಮಿಗೆ ಅಮೆರಿಕದ ನಿರ್ಮಾಪಕ ಸ್ಯಾಂಡಿ ಪರ್ಲ್‌ಮನ್ ಬಂದರು. ಡ್ರಮ್ಸಿಗೆ ಟಾಪರ್ ಹೆಡನ್ ಬಂದಿದ್ದರು. ಎಲ್ಲವೂ ದೊಡ್ಡದಾಗಿ, ನುಣುಪಾಗಿ ಕೇಳುತ್ತದೆ. ಕೆಟ್ಟದ್ದಲ್ಲ. ನನಗೆ ಮಾತ್ರ ಅದರಲ್ಲಿ ನಾನು ಮಾಡಿದ ಮೇಳದ ರೆಕಾರ್ಡಿಂಗ್ ನೆನಪಾಯಿತು.

ಮುಂದಿನದು 1979ರ ‘ಲಂಡನ್ ಕಾಲಿಂಗ್’. ನನ್ನ ಕೆಲಸವನ್ನು ತಿರುಗಿಸಿದ್ದು ಇದೇ. ಆ ವರ್ಷ ಅವರ ಕೈಯಲ್ಲಿ ಕಾಸಿಲ್ಲ, ಹಳೆಯ ಮ್ಯಾನೇಜರ್ ಇಲ್ಲ. ಲಂಡನ್ನಿನ ಪಿಮ್ಲಿಕೊದಲ್ಲಿ ವನಿಲಾ ಅನ್ನುವ ಕೋಣೆ ಹಿಡಿದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು, ಮಧ್ಯಾಹ್ನ ಫುಟ್‌ಬಾಲ್ ಆಡಿದರು. ಆಮೇಲೆ ವೆಸೆಕ್ಸ್ ಸ್ಟುಡಿಯೊಗೆ ಹೋದರು. ನಿರ್ಮಾಪಕ ಗೈ ಸ್ಟೀವನ್ಸ್, ಎಂಜಿನಿಯರ್ ಬಿಲ್ ಪ್ರೈಸ್. ಸ್ಟೀವನ್ಸ್ ಅವರು ಟೇಕ್ ನಡೆಯುವಾಗಲೇ ಕುರ್ಚಿ ಎಸೆಯುವುದು, ಏಣಿ ಬೀಸುವುದು ಮಾಡುತ್ತಿದ್ದರು. ಬಾರಿಸುವವರ ಮೈ ಬಿಸಿಯಾಗಬೇಕು ಅನ್ನುವುದು ಅವರ ದಾರಿ. ‘ಬ್ರ್ಯಾಂಡ್ ನ್ಯೂ ಕ್ಯಾಡಿಲಾಕ್’ ಅನ್ನುವ 1959ರ ಹಳೆಯ ಹಾಡೊಂದನ್ನು ಕೈ ಬಿಸಿ ಮಾಡಿಕೊಳ್ಳಲು ಬಾರಿಸಿದರು. ಮುಗಿದ ಮೇಲೆ ಟಾಪರ್ ಹೆಡನ್, ಲಯ ಓಡಿದೆ, ಇನ್ನೊಮ್ಮೆ ಮಾಡೋಣ ಅಂದರು. ರಾಕ್ ಅಂಡ್ ರೋಲ್ ಅಂದರೆ ಓಡುವುದೇ ಅಂದು ಸ್ಟೀವನ್ಸ್ ಆ ಮೊದಲ ಟೇಕನ್ನೇ ಉಳಿಸಿಕೊಂಡರು. ಆಲ್ಬಮ್ಮಿನಲ್ಲಿ ಇರುವುದು ಅದೇ.

ನಾನು ಆ ಹಾಡನ್ನು ಕಂಪ್ಯೂಟರಿಗೆ ಹಾಕಿ ಬೆರಳಲ್ಲಿ ಪೆಟ್ಟು ಎಣಿಸಿದೆ. ಹೌದು, ಓಡುತ್ತದೆ. ಆದರೆ ಡ್ರಮ್ಸ್ ಓಡಿದಾಗ ಬೇಸ್ ಹಿಂದೆ ಬಿದ್ದಿಲ್ಲ, ಗಿಟಾರ್ ತಡವರಿಸಿಲ್ಲ. ನಾಲ್ಕೂ ಜನ ಒಟ್ಟಿಗೇ ಓಡಿದ್ದಾರೆ. ಸಿರುಗುಪ್ಪದ ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅವರ ಹಾಡು ಓಡುತ್ತಿರಲಿಲ್ಲ, ಏರುತ್ತಿತ್ತು. ಒಬ್ಬರ ಉಸಿರು ನೋಡಿ ಇನ್ನೊಬ್ಬರು ಏರಿಸುತ್ತಿದ್ದರು. ಒಬ್ಬೊಬ್ಬರನ್ನೇ ಕರೆದು ಬಾರಿಸಿಕೊಂಡ ದಿನವೇ ನಾನು ಆ ಮೇಳವನ್ನು ಬಿಡಿಸಿಹಾಕಿದ್ದೆ.

ಹುಡುಗರನ್ನು ವಾಪಸ್ ಕರೆದೆ. ರಾತ್ರಿ ಹತ್ತಕ್ಕೆ ನಾಲ್ಕೂ ಜನರನ್ನು ಒಂದೇ ಕೋಣೆಯಲ್ಲಿ ಮುಖಾಮುಖಿ ನಿಲ್ಲಿಸಿದೆ. ಡ್ರಮ್ಸ್ ಹಿಂದೆ ಹಾಸಿಗೆ ನಿಲ್ಲಿಸಿದೆ, ಗಿಟಾರಿನ ಸ್ಪೀಕರ್ ಪೆಟ್ಟಿಗೆಗಳನ್ನು ಗೋಡೆ ಕಡೆ ತಿರುಗಿಸಿದೆ. ಆದರೂ ಹಾಡುವವನ ಮೈಕಿನಲ್ಲಿ ಡ್ರಮ್ಸ್ ಬಂತು, ಬರಲಿ ಅಂದುಕೊಂಡೆ. ಇದಕ್ಕೆ ಬೆಲೆಯೂ ಉಂಟು. ಯಾರಾದರೂ ಒಬ್ಬರು ತಪ್ಪಿದರೆ ಅಷ್ಟನ್ನೇ ಕತ್ತರಿಸಿ ಸರಿ ಮಾಡಲು ಬರುವುದಿಲ್ಲ, ಎಲ್ಲರೂ ಮತ್ತೆ ಬಾರಿಸಬೇಕು. ಆರು ಹಾಡಿಗೆ ಮೂರು ರಾತ್ರಿ ಹಿಡಿಯಿತು.

ಒಂದೂವರೆ ವರ್ಷ ಕಳೆದು ಅವರೇ ಮತ್ತೆ ಬಂದರು. ಜೊತೆಗೆ ಹಲಗೆ ಬಾರಿಸುವ ಐದನೆಯವನು. ಹಾಡೂ ನಿಧಾನವಾಗಿತ್ತು. ನನಗೆ ಕಸಿವಿಸಿಯಾಯಿತು. ‘ನಿಮ್ಮದು ಜೋರು ಹಾಡು ಅಂತ ಜನ ಗುರುತು ಹಿಡ್ದಾರೆ. ಈಗ ಇದು ಯಾಕ್ರಪ್ಪ?’ ಅಂದೆ. ಬೇಸ್ ಬಾರಿಸುವವನು, ‘ಇದು ನಮ್ ಓಣಿ ಸದ್ದಣ್ಣ. ಹೊರಗಿಂದ ತಂದಿದ್ದಲ್ಲ’ ಅಂದ. ಸಿಮೊನನ್ ನೆನಪಾದರು. ಅವರು ಬೆಳೆದ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಜಮೈಕಾದಿಂದ ಬಂದವರ ಮನೆಗಳಿಂದ ರೆಗೆ ಕೇಳಿಸುತ್ತಿತ್ತು. 1979ರಲ್ಲಿ ಅವರು ಬರೆದು ಹಾಡಿದ ಮೊದಲ ಹಾಡೂ ಅದೇ ಊರಿನ ಮೇಲೆ, ಅದೇ ನಡೆಯಲ್ಲಿ. ಬ್ಯಾಂಡಿನ ಸದ್ದು ಬದಲಾಯಿತು ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಎಷ್ಟೋ ಸಲ ಅದು ಅವರು ಚಿಕ್ಕಂದಿನಿಂದ ಕೇಳಿದ್ದು ಈಗ ಕೈಗೆ ಬಂದದ್ದು, ಅಷ್ಟೆ. 1980ರ ‘ಸಾಂಡಿನಿಸ್ಟಾ’ದಲ್ಲಿ ಅವರು ಮೂರು ಗ್ರಾಮಫೋನ್ ತಟ್ಟೆಗಳ ತುಂಬ ಮೂವತ್ತಾರು ಹಾಡು ಇಟ್ಟರು. ರೆಗೆಯಿಂದಲೇ ಹುಟ್ಟಿದ ಡಬ್ ಇದೆ, ರ‍್ಯಾಪ್ ಇದೆ, ಗಾಸ್ಪೆಲ್ ಇದೆ, ಮಕ್ಕಳು ಹಾಡಿದ್ದೂ ಇದೆ. ಒಂದೇ ಸಲ ಕೂತು ಕೇಳುವುದು ಕಷ್ಟ, ಒಂದು ತಟ್ಟೆಯಷ್ಟನ್ನು ಬಿಡಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಮೂರು ತಟ್ಟೆ ಕಡಿಮೆ ಬೆಲೆಗೆ ಸಿಗಬೇಕೆಂದು ತಮಗೆ ಬರುವ ದುಡ್ಡನ್ನೇ ಬಿಟ್ಟುಕೊಟ್ಟವರನ್ನು ದೂರಲು ಮನಸ್ಸು ಬರುವುದಿಲ್ಲ.

ಹಲಗೆ ರೆಕಾರ್ಡ್ ಮಾಡುವುದು ನನಗೆ ಹೊಸತು. ಅದರ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಬಿಗಿಯಾಗುತ್ತದೆ, ಆಗಲೇ ಆ ಠಣ್ ಅನ್ನುವ ಸದ್ದು. ಹುಡುಗ ಹೊರಗೆ ಓಣಿಯಲ್ಲಿ ಹಳೆಯ ಪೇಪರ್ ಉರಿಸಿ ಕಾಯಿಸಿಕೊಂಡು ಬಂದ. ಎ.ಸಿ. ಹಾಕಿದ್ದೆ. ಕಾಲು ಗಂಟೆಯೊಳಗೆ ಸದ್ದು ಕುಸಿಯಿತು. ಮತ್ತೆ ಹೊರಗೆ, ಮತ್ತೆ ಬೆಂಕಿ. ಮೂರನೆಯ ಸಲಕ್ಕೆ ಎ.ಸಿ. ಆರಿಸಿದೆ, ಫ್ಯಾನ್ ಕೂಡ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಮುಚ್ಚಿದ ಕೋಣೆ. ಐವರೂ ಬನಿಯನ್‌ನಲ್ಲಿ ನಿಂತರು, ಬೆವರು ಗಿಟಾರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮೊದಲು ಹಲಗೆಗೆ ಅರ್ಧ ಅಡಿ ದೂರದಲ್ಲಿ ಮೈಕ್ ಇಟ್ಟಿದ್ದೆ, ಬರೀ ಕಡ್ಡಿಯ ಪೆಟ್ಟು ಬಂತು. ನಾಲ್ಕಡಿ ಹಿಂದಕ್ಕೆ ಎಳೆದ ಮೇಲೆ ಚರ್ಮದ ಗುಂಯ್ ಬಂತು. ಡ್ರಮ್ಸ್ ಹುಡುಗ ತಾನಾಗಿಯೇ ಸ್ನೇರ್ ಡ್ರಮ್ ಹೊಡೆಯುವುದನ್ನು ಅರ್ಧಕ್ಕೆ ಇಳಿಸಿ ಹಲಗೆಗೆ ಜಾಗ ಬಿಟ್ಟ. ನಾನು ಹೇಳಿರಲಿಲ್ಲ.

ಕ್ಲ್ಯಾಶ್‌ನ ಕೊನೆಯ ವರ್ಷಗಳನ್ನು ಓದುವಾಗ ಹೊಟ್ಟೆ ಹಿಂಡುತ್ತದೆ. 1982ರ ‘ಕಾಂಬ್ಯಾಟ್ ರಾಕ್’ ಅನ್ನು ಮಿಕ್ ಜೋನ್ಸ್ ಎಪ್ಪತ್ತೇಳು ನಿಮಿಷಕ್ಕೆ ಮಿಕ್ಸ್ ಮಾಡಿದ್ದರು. ನಿರ್ಮಾಪಕ ಗ್ಲಿನ್ ಜಾನ್ಸ್ ಅವರನ್ನು ಕರೆಸಿ ನಲವತ್ತಾರಕ್ಕೆ ಇಳಿಸಿದರು. ಆ ಕತ್ತರಿ ಸರಿಯಾಗಿಯೇ ಬಿದ್ದಿದೆ. ಅದರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಹೋದ ಹಾಡಿನ ರಾಗ ಟಾಪರ್ ಹೆಡನ್ ಅವರದು. ಬೇರೆಯವರು ಸ್ಟುಡಿಯೊಗೆ ಬರುವ ಮೊದಲೇ ಡ್ರಮ್ಸ್, ಪಿಯಾನೊ, ಬೇಸ್ ಮೂರನ್ನೂ ಒಬ್ಬರೇ ಬಾರಿಸಿಟ್ಟಿದ್ದರು. ಹಾಡು ಗೆಲ್ಲುವಷ್ಟರಲ್ಲಿ ಹೆರಾಯಿನ್ ಚಟದ ಕಾರಣಕ್ಕೆ ಅವರನ್ನು ಬ್ಯಾಂಡಿನಿಂದ ಕಳಿಸಿಯಾಗಿತ್ತು. 1983ರಲ್ಲಿ ಮಿಕ್ ಜೋನ್ಸ್ ಅವರನ್ನೂ ಕಳಿಸಿದರು. 1985ರ ಕೊನೆಯ ಆಲ್ಬಮ್ಮಿನಲ್ಲಿ ಡ್ರಮ್ ಮಷಿನ್ ಕೇಳುತ್ತದೆ. ಲಯ ಎಲ್ಲೂ ಓಡುವುದಿಲ್ಲ. ಮರುವರ್ಷ ಬ್ಯಾಂಡೇ ಇರಲಿಲ್ಲ.

ಹೋದ ಶ್ರಾವಣದಲ್ಲಿ ಸಿರುಗುಪ್ಪದ ಮೇಳದವರಿಗೆ ಫೋನ್ ಮಾಡಿದೆ. ಮತ್ತೊಮ್ಮೆ ಬನ್ನಿ, ದುಡ್ಡು ಬೇಡ ಅಂದೆ. ಬಂದರು. ಜಮಖಾನ ಹಾಸಿ, ದೇವಸ್ಥಾನದಲ್ಲಿ ಕೂರುವಂತೆಯೇ ಕೂರಿಸಿ, ನಡುವೆ ಎರಡೇ ಮೈಕ್ ಇಟ್ಟೆ. ಎರಡನೆಯ ಪದದ ನಡುವೆ ಹಿರಿಯರು ಒಮ್ಮೆ ಕೆಮ್ಮಿದ್ದಾರೆ, ತೆಗೆದಿಲ್ಲ. ಕೇಳಿಸಿದಾಗ ಅವರು ಏನೂ ಕೇಳಲಿಲ್ಲ, ತೊಡೆಯ ಮೇಲೆ ತಾಳ ಹಾಕುತ್ತಾ ಕೂತಿದ್ದರು.

ಹುಡುಗರಲ್ಲಿ ಬೇಸ್ ಬಾರಿಸುವವನಿಗೆ ಈಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಅವನು ಅಲ್ಲಿಂದಲೇ ತನ್ನ ಪಾಲು ಬಾರಿಸಿ ಕಳಿಸುತ್ತಾನೆ, ನೀವು ಜೋಡಿಸಿಬಿಡಿ ಅಂದರು ಉಳಿದವರು. ಆಗಲ್ಲ, ಅವನು ಬರಲಿ ಅಂದೆ. ಆಯುಧಪೂಜೆಗೆ ಬರುತ್ತಾನಂತೆ. ಅವತ್ತು ಮೇಲಿನ ಹೊಲಿಗೆ ಮಷಿನ್‌ಗಳಿಗೆ ಪೂಜೆ, ಒಂದೂ ಓಡುವುದಿಲ್ಲ. ಬೆಳಿಗ್ಗೆ ಹತ್ತಕ್ಕೇ ಬಂದುಬಿಡಿ ಅಂತ ಹೇಳಿದ್ದೇನೆ.